ಒಣಸೊಪ್ಪಿನ ಹಸಿಸುಳ್ಳು

ಅಡುಗೆಮನೆಯಲ್ಲಿ ಒಂದು ಮಗ್ಗಿ ಚಾಲ್ತಿಯಲ್ಲಿದೆ: ಮೂರು ಚಮಚ ಹಸಿಸೊಪ್ಪಿಗೆ ಒಂದು ಚಮಚ ಒಣಸೊಪ್ಪು. ಮಸಾಲೆ ಮಾರುವವರು ಹಂಚುವ ಪಟ್ಟಿಯಲ್ಲಿ ಅದು ಉಂಟು, ಅಡುಗೆ ಪುಸ್ತಕಗಳ ಕೊನೆಯ ಪುಟದ ಅಳತೆಯ ಕೋಷ್ಟಕದಲ್ಲಿ ಉಂಟು, ಪರದೆಯ ಮೇಲೆ ಬಾಣಲೆ ಅಲ್ಲಾಡಿಸುವವರ ಬಾಯಲ್ಲಂತೂ ಉಂಟೇ ಉಂಟು. ಯಾವ ಸೊಪ್ಪು, ಎಂಥ ಎಲೆ, ಎಲ್ಲಿ ಬೆಳೆಯುವಂಥದ್ದು ಎಂದು ಯಾರೂ ಕೇಳುವುದಿಲ್ಲ. ಥೈಮ್ ಆಗಲಿ, ಪಾರ್ಸ್ಲಿ ಆಗಲಿ, ಮೂರಕ್ಕೆ ಒಂದು. ಎರಡನೇ ಕ್ಲಾಸಿನ ಮಕ್ಕಳು ರಾಗವಾಗಿ ಒಪ್ಪಿಸುವ ಹಾಗೆ ದೊಡ್ಡವರೂ ಒಪ್ಪಿಸುತ್ತಾರೆ. ಈ ಮಗ್ಗಿ ತಪ್ಪು ಎಂಬುದೇ ನನ್ನ ವಾದ. ಕೆಲವು ಎಲೆಗಳ ವಿಷಯದಲ್ಲಿ ಅದು ಹೇಗೋ ನಡೆದೀತು. ಆದರೆ ಚರ್ವಿಲ್ ಎಂಬ ಸೊಪ್ಪಿನ ಮುಂದೆ ತಂದು ನಿಲ್ಲಿಸಿದರೆ ಅದರ ಬಣ್ಣ ಬಯಲಾಗುತ್ತದೆ.

ಚರ್ವಿಲ್ ನಮ್ಮ ಕಡೆಯದಲ್ಲ. ಕಾಕಸಸ್ ಮತ್ತು ಅದರ ಆಸುಪಾಸಿನ ಸೀಮೆಯಿಂದ ಯುರೋಪಿಗೆ ಹಬ್ಬಿದ ಗಿಡ. ಸಸ್ಯಶಾಸ್ತ್ರದಲ್ಲಿ ಆಂತ್ರಿಸ್ಕಸ್ ಸೆರೆಫೋಲಿಯಂ. ಫ್ರೆಂಚರಿಗೆ ಸೆರ್ಫಯ್, ಜರ್ಮನರಿಗೆ ಕೆರ್ಬೆಲ್, ಡಚ್ಚರಿಗೆ ಕೆರ್ವೆಲ್. ನೋಡಲು ಕೊತ್ತಂಬರಿ ಸೊಪ್ಪಿನ ತಂಗಿಯಂತಿದೆ. ಎಲೆ ಮಾತ್ರ ಇನ್ನೂ ತೆಳು, ಇನ್ನೂ ಸೀಳುಸೀಳು. ಬಾಯಿಗಿಟ್ಟರೆ ಮೊದಲು ಎಳೆಸೊಪ್ಪಿನ ಹಸಿರು ರುಚಿ, ಅದರ ಬೆನ್ನಿಗೇ ಸೋಂಪನ್ನು ನೆನಪಿಸುವ ಒಂದು ಸಣ್ಣ ಸಿಹಿ. ಆ ಸಿಹಿ ಜೋರುಮಾಡಿ ಮಾತಾಡುವುದಿಲ್ಲ. ಪಕ್ಕದಲ್ಲಿ ಬೆಳ್ಳುಳ್ಳಿಯೋ ಮೆಣಸೋ ಕೂತಿದ್ದರೆ ಕೇಳಿಸುವುದೂ ಇಲ್ಲ. ಗಿಡದ ಸ್ವಭಾವವೂ ಹಾಗೆಯೇ ನಾಜೂಕು. ತಂಪು ಬೇಕು, ಅರೆನೆರಳು ಬೇಕು, ಮಣ್ಣು ಒದ್ದೆಯಾಗಿರಬೇಕು. ಬಿಸಿಲು ಸ್ವಲ್ಪ ಏರಿತೋ, ಹೂವಿನ ದಂಟು ಎತ್ತಿ ಎಲೆಯ ಕೆಲಸ ಮುಗಿಸಿಬಿಡುತ್ತದೆ. ಸಸಿ ಕಿತ್ತು ನೆಟ್ಟರೂ ಅದಕ್ಕೆ ಆಗಿಬರುವುದಿಲ್ಲ; ಬಿತ್ತಿದಲ್ಲೇ ಬೆಳೆಯಬೇಕು.

ನನಗೂ ಅದಕ್ಕೂ ಪರಿಚಯ ಮಾಡಿಸಿದವಳು ಫ್ರಾಂಕ್‌ಫರ್ಟ್‌ನಲ್ಲಿರುವ ನನ್ನ ಅಕ್ಕನ ಮಗಳು. ರಜೆಗೆ ಬಂದವಳು ಚಾಕೊಲೇಟಿನ ಜೊತೆಗೆ ಪುಟ್ಟ ಗಾಜಿನ ಬಾಟಲಿಯೊಂದನ್ನು ತಂದಳು. ಒಳಗೆ ಹಸಿರು ಹೊಟ್ಟು.

‘ಚಿಕ್ಕಮ್ಮ, ಒಂದೇ ಒಂದು ಚಮಚ ಹಾಕಿದ್ರೆ ಸಾಕು. ಒಣಗಿದ್ದಲ್ವಾ, ಸ್ಟ್ರಾಂಗ್ ಇರುತ್ತೆ.’

ಮುಚ್ಚಳ ತೆಗೆದು ಮೂಸಿದೆ. ಬೇಸಿಗೆಯಲ್ಲಿ ಹುಲ್ಲಿನ ಬಣವೆಯ ಪಕ್ಕ ಹಾದುಹೋದರೆ ಬರುವ ವಾಸನೆ.

‘ಅಲ್ಲ ಕಣೇ, ಅಲ್ಲಿ ಸಾರಿಗೆ ಒಣಗಿದ ಕೊತ್ತಂಬರಿ ಸೊಪ್ಪು ಹಾಕ್ತೀಯಾ?’

‘ಅಯ್ಯೋ, ಅದನ್ಯಾರು ಹಾಕ್ತಾರೆ ಚಿಕ್ಕಮ್ಮ! ಟರ್ಕಿಯವರ ಅಂಗಡಿಗೆ ಹೋಗಿ ಹಸೀ ಕಟ್ಟು ತರ್ತೀನಿ.’

ತನ್ನ ನಾಲಿಗೆಗೆ ಗೊತ್ತಿರುವ ಸೊಪ್ಪಿನ ವಿಷಯದಲ್ಲಿ ಅವಳು ಮಗ್ಗಿಯನ್ನು ಒಂದು ಕ್ಷಣವೂ ನಂಬಲಿಲ್ಲ. ಗೊತ್ತಿಲ್ಲದ ಸೊಪ್ಪಿನ ವಿಷಯ ಬಂದ ಕೂಡಲೇ ನಂಬಿದಳು. ಮಗ್ಗಿಯ ಬಲವೆಲ್ಲ ಇಷ್ಟೇ: ತಿನ್ನುವವರಿಗೆ ಮೂಲದ ರುಚಿ ಗೊತ್ತಿರಬಾರದು.

ಖಂಡನೆಗೆ ಇಳಿಯುವ ಮುನ್ನ ಪೂರ್ವಪಕ್ಷವನ್ನು ಅದರ ಪೂರ್ತಿ ಬಲದಲ್ಲಿ ನಿಲ್ಲಿಸಬೇಕು. ನಮ್ಮ ವಾದಪರಂಪರೆಯ ಮರ್ಯಾದೆ ಅದು. ಎದುರಿನವರು ಹೇಳುವುದು ಹೀಗೆ. ಸೊಪ್ಪಿನಲ್ಲಿ ಹೆಚ್ಚಿನ ಪಾಲು ನೀರು. ಒಣಗಿಸಿದರೆ ನೀರು ಹೋಗುತ್ತದೆ, ಸತ್ವ ಉಳಿಯುತ್ತದೆ. ಉಳಿದದ್ದು ಗಟ್ಟಿ, ಆದ್ದರಿಂದ ಕಡಿಮೆ ಸಾಕು. ಒಣಗಿಸುವುದು ಮನುಷ್ಯನ ಅತ್ಯಂತ ಹಳೆಯ ಜಾಣತನಗಳಲ್ಲೊಂದು. ಮಳೆಗಾಲಕ್ಕೂ ಬರಗಾಲಕ್ಕೂ ಅದೇ ಕಾಪಾಡಿದ್ದು. ಹಸಿ ಚರ್ವಿಲ್ ಎಲ್ಲ ಕಾಲದಲ್ಲೂ ಎಲ್ಲ ಊರಲ್ಲೂ ಸಿಗುವುದಿಲ್ಲ. ಸಿಕ್ಕದವನಿಗೆ ಒಣಗಿದ್ದನ್ನೂ ಬೇಡವೆನ್ನುವುದು ಉಳ್ಳವರ ದರ್ಪ. ಕೊನೆಗೆ, ಬೇಕಾದಷ್ಟು ಜನ ಹಾಕಿದ್ದಾರೆ, ಉಂಡಿದ್ದಾರೆ, ಚೆನ್ನಾಗಿತ್ತು ಎಂದಿದ್ದಾರೆ.

ಒಂದೊಂದಾಗಿ ನೋಡೋಣ.

ಮೊದಲು ಲೆಕ್ಕ. ಇಂಥ ಎಳೆಸೊಪ್ಪುಗಳಲ್ಲಿ ನೂರಕ್ಕೆ 80ರಿಂದ 90 ಭಾಗ ನೀರು ಎಂಬುದು ನಿಜ. 100 ಗ್ರಾಂ ಸೊಪ್ಪಿನಲ್ಲಿ 85 ಗ್ರಾಂ ನೀರಿದ್ದರೆ, ಒಣಗಿದ ಮೇಲೆ ಕೈಗೆ ಸಿಗುವುದು, ಅಳಿದುಳಿದ ತೇವವೂ ಸೇರಿ, ಹೆಚ್ಚೆಂದರೆ 16 ಗ್ರಾಂ. ಅಂದರೆ ತೂಕದಲ್ಲಿ ಆರಕ್ಕೆ ಒಂದು. ಹಾಗಿದ್ದರೆ ಮೂರಕ್ಕೆ ಒಂದು ಎಂಬುದು ಎಲ್ಲಿಂದ ಬಂತು? ಚಮಚದಿಂದ. ಹೆಚ್ಚಿದ ಹಸಿಸೊಪ್ಪು ಚಮಚದಲ್ಲಿ ಉಬ್ಬಿ ನಿಲ್ಲುತ್ತದೆ, ಒಣಪುಡಿ ಒತ್ತಾಗಿ ಕೂರುತ್ತದೆ. ಎಲೆ ಎಷ್ಟು ಕುಗ್ಗಿತು ಎನ್ನುವುದಷ್ಟೇ ಈ ಲೆಕ್ಕಕ್ಕೆ ಗೊತ್ತು. ಪರಿಮಳ ಎಷ್ಟು ಉಳಿಯಿತು ಎಂದು ಅಳೆಯುವ ಚಮಚ ಇನ್ನೂ ಯಾರ ಮನೆಯಲ್ಲೂ ಇಲ್ಲ. ಬಟ್ಟೆ ಒಗೆದಾಗ ಎಷ್ಟು ಕುಗ್ಗಿತೆಂದು ಅಳೆದು, ಬಣ್ಣ ಹೋಗಿಲ್ಲ ಎಂದು ಸಾಧಿಸಿದ ಹಾಗಾಯಿತು.

ಎರಡನೆಯದು ಸತ್ವದ ಮಾತು. ‘ನೀರು ಹೋಗುತ್ತದೆ, ಸತ್ವ ಉಳಿಯುತ್ತದೆ’ ಎನ್ನುವವರು ಸತ್ವ ಎಲ್ಲಿ ವಾಸವಾಗಿದೆ ಎಂದು ಹುಡುಕುವ ಗೋಜಿಗೆ ಹೋಗುವುದಿಲ್ಲ. ಚರ್ವಿಲ್‌ನ ಪರಿಮಳಕ್ಕೆ ಮುಖ್ಯ ಕಾರಣ ಎಸ್ಟ್ರಗೋಲ್ ಎಂಬ, ಗಾಳಿಗೆ ಹಾರಿಹೋಗುವ ಎಣ್ಣೆಯಂಶ. ಟ್ಯಾರಗಾನ್ ಎಂಬ ಇನ್ನೊಂದು ಫ್ರೆಂಚ್ ಸೊಪ್ಪಿನ ಘಮಕ್ಕೂ ಅದೇ ಮೂಲ. ಆದರೆ ಚರ್ವಿಲ್‌ನಲ್ಲಿ ಅದು ಇರುವುದೇ ಅತಿ ಕಡಿಮೆ. ಎಲೆಯೊಳಗಿನ ಕೂದಲಿನಷ್ಟು ಸಣ್ಣ ನಾಳಗಳಲ್ಲಿ ಅದು ತುಂಬಿರುತ್ತದೆ. ಹೊದಿಕೆಯೋ ಬರೀ ತೆಳು. ಗಾಳಿಗೆ ಹರಡಿ ಒಣಗಿಸಿದಾಗ ಎಲೆ ಮುದುಡಿ ಕುಸಿಯುತ್ತದೆ, ನೀರಿನಾವಿ ಹೊರಡುವಾಗ ಈ ಎಣ್ಣೆಯೂ ಅದರ ಕೈಹಿಡಿದು ಹೊರಟುಬಿಡುತ್ತದೆ. ಒಣಗಿಸುವ ಕೋಣೆಯಲ್ಲಿ ನಿಂತವರಿಗೆ ಒಳ್ಳೆಯ ಪರಿಮಳ ಬಂದೀತು. ಆ ಪರಿಮಳವೇ ನಷ್ಟದ ರಸೀದಿ. ಕೋಣೆಯ ಗಾಳಿಗೆ ಸೇರಿದ್ದು ಬಾಟಲಿಗೆ ಬರುವುದಿಲ್ಲ.

ಇದರ ಪಕ್ಕ ಥೈಮ್ ಇಟ್ಟು ನೋಡಿ. ಮೆಡಿಟರೇನಿಯನ್ ಕಡಲಿನ ಸುತ್ತಲ ಕಲ್ಲುಗುಡ್ಡಗಳಲ್ಲಿ, ಸುಡುಬಿಸಿಲಿನಲ್ಲಿ ಬೆಳೆಯುವ ಕುರುಚಲು ಗಿಡ. ಪುಟ್ಟ, ದಪ್ಪ, ಬಿರುಸು ಎಲೆ. ಅದರ ಎಣ್ಣೆ ಎಲೆಯ ಮೇಲಿನ ಸಣ್ಣ ಗ್ರಂಥಿಗಳಲ್ಲಿ, ಒಂದೊಂದಕ್ಕೂ ಮುಚ್ಚಳ ಹಾಕಿದಂತೆ ಕೂತಿದೆ. ಅದರ ಮುಖ್ಯ ಅಂಶವಾದ ಥೈಮಾಲ್ ಸಾಧಾರಣ ಉಷ್ಣತೆಯಲ್ಲಿ ಹರಳಾಗಿ ನಿಲ್ಲುವಂಥದ್ದು. ನಮ್ಮ ಓಮದ ಕಾಳಿನ ಘಾಟೂ ಅದೇ ಥೈಮಾಲ್‌ನದು. ಗಿಡ ಬದುಕಿರುವಾಗಲೇ ಬೇಸಿಗೆಯುದ್ದಕ್ಕೂ ಅರ್ಧ ಒಣಗಿ ನಿಂತು ಅಭ್ಯಾಸವಾದ ಎಲೆಗೆ ಬಾಟಲಿಯ ಒಣವಾಸ ಹೊಸದಲ್ಲ. ರೋಸ್‌ಮೇರಿ, ಆರಿಗಾನೊ ಕೂಡ ಇದೇ ಕುಲದವು. ಇವುಗಳಿಂದ ಕಲಿತ ಪಾಠವನ್ನು ಒದ್ದೆ ನೆರಳಿನಲ್ಲಿ ಹುಟ್ಟಿ, ಬಿಸಿಲು ಕಂಡರೆ ಬೆದರುವ ಚರ್ವಿಲ್‌ಗೆ ಅನ್ವಯಿಸುವುದು ಒಂಟೆಯನ್ನು ನೋಡಿ ಎಮ್ಮೆಗೆ ನೀರು ನಿಲ್ಲಿಸಿದಂತೆ.

ಮೂರನೆಯದು ಪೂರ್ವಿಕರ ಜಾಣತನದ ಮಾತು. ಇಲ್ಲಿ ನನಗೆ ಎದುರಾಳಿಗಳ ಮೇಲೆ ಸಿಟ್ಟಿಗಿಂತ ಆಶ್ಚರ್ಯ ಹೆಚ್ಚು. ನಮ್ಮವರು ಒಣಗಿಸುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ, ಹುಣಸೆ, ಮಾವಿನ ಹೋಳು. ಏಪ್ರಿಲ್ ಬಂದರೆ ತಾರಸಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಆದರೆ ಆ ತಾರಸಿಯ ಮೇಲೆ ಕೊತ್ತಂಬರಿ ಸೊಪ್ಪನ್ನು ಯಾವ ಅಜ್ಜಿಯಾದರೂ ಒಣಹಾಕಿದ್ದನ್ನು ನೀವು ನೋಡಿದ್ದೀರಾ? ಸಬ್ಬಸಿಗೆಯನ್ನು ಒಣಗಿಸಿಟ್ಟು ಆಷಾಢದಲ್ಲಿ ಅಕ್ಕಿರೊಟ್ಟಿಗೆ ಹಾಕಿದವರುಂಟೇ? ಏನನ್ನು ಒಣಗಿಸಬೇಕೆಂದು ತಿಳಿದದ್ದು ಅವರ ಅರ್ಧ ಜಾಣತನ. ಏನನ್ನು ಒಣಗಿಸಬಾರದೆಂದು ತಿಳಿದದ್ದು ಉಳಿದರ್ಧ. ಮೂರಕ್ಕೆ ಒಂದರ ಮಗ್ಗಿ ಮೊದಲ ಅರ್ಧವನ್ನು ಇಟ್ಟುಕೊಂಡು ಎರಡನೆಯದನ್ನು ಬಿಸಾಡಿತು.

ಭಾಷೆಯೇ ಇದಕ್ಕೆ ಸಾಕ್ಷಿ ಹೇಳುತ್ತದೆ. ಮರದಿಂದ ಇಳಿಸಿ ಒಡೆದರೆ ತೆಂಗಿನಕಾಯಿ, ಒಣಗಿದರೆ ಕೊಬ್ಬರಿ. ಖರ್ಜೂರ ಒಣಗಿ ಗಟ್ಟಿಯಾದರೆ ಉತ್ತುತ್ತೆ. ಹೆಸರು ಬೇರೆಯಾದದ್ದು ವಸ್ತು ಬೇರೆಯಾಯಿತೆಂಬ ತಿಳಿವಿನಿಂದ. ಚಟ್ನಿಗೆ ಕಾಯಿ ಇಲ್ಲವೆಂದು ಮೂರಕ್ಕೆ ಒಂದರ ಲೆಕ್ಕದಲ್ಲಿ ಕೊಬ್ಬರಿ ತುರಿದು ಹಾಕಿದವರ ಮನೆಯ ಇಡ್ಲಿಯನ್ನು ನಾನು ತಿಂದಿದ್ದೇನೆ. ಆ ಮನೆಯವರ ಬಗ್ಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಎರಡನೇ ಇಡ್ಲಿ ಕೇಳಲಿಲ್ಲ. ಶುಂಠಿಯ ಕಥೆ ಇನ್ನೂ ಸೊಗಸು. ಹಸಿಶುಂಠಿಯ ಖಾರಕ್ಕೆ ಜಿಂಜರಾಲ್ ಕಾರಣ; ಒಣಗುವಾಗ ಅದು ಶೋಗಾಲ್ ಎಂಬ ಬೇರೆಯೇ, ಇನ್ನೂ ಖಾರದ ಅಂಶವಾಗಿ ಮಾರ್ಪಡುತ್ತದೆ. ಆದ್ದರಿಂದ ಕಷಾಯಕ್ಕೆ ಒಣಶುಂಠಿ, ಚಹಾಕ್ಕೆ ಹಸಿಶುಂಠಿ ಎಂದು ಮನೆಗಳಲ್ಲಿ ಎರಡನ್ನೂ ಬೇರೆಬೇರೆ ಇಡುವುದು. ಒಣಗಿ ಹೊಸದಾಗಿ ಹುಟ್ಟುವ ಪದಾರ್ಥಗಳಿವೆ, ಒಣಗಿಯೂ ಉಳಿಯುವ ಪದಾರ್ಥಗಳಿವೆ, ಒಣಗಿದರೆ ಸತ್ತೇಹೋಗುವವೂ ಇವೆ. ಚರ್ವಿಲ್ ಕೊನೆಯ ಸಾಲಿನದು.

ಇಲ್ಲಿ ಯಾರಾದರೂ ಕರಿಬೇವಿನ ಪುಡಿಯನ್ನು ಎತ್ತಿ ತೋರಿಸುತ್ತಾರೆಂದು ಬಲ್ಲೆ. ಅದರಲ್ಲಿ ಎಲೆಯನ್ನು ತವೆಯ ಮೇಲೆ ಗರಿಗರಿಯಾಗುವ ತನಕ ಹುರಿದು, ಬೇಳೆ, ಮೆಣಸಿನಕಾಯಿ, ಹುಣಸೆ, ಇಂಗಿನ ಜೊತೆ ಪುಡಿ ಮಾಡುತ್ತೇವೆ. ಹುರಿದ ಘಮವೇ ಅದರ ಪ್ರಾಣ. ಆ ಪುಡಿಯನ್ನು ಒಗ್ಗರಣೆಯ ಕರಿಬೇವಿಗೆ ಬದಲಿ ಎಂದು ಯಾರೂ ಮಾರುವುದಿಲ್ಲ. ಅದು ತನ್ನದೇ ಹೆಸರಿನ ತನ್ನದೇ ಪದಾರ್ಥ. ಒಣ ಚರ್ವಿಲ್ ಮಾತ್ರ ಹಸಿ ಚರ್ವಿಲ್‌ನ ಹೆಸರಿನಲ್ಲೇ, ಅದರ ಕುರ್ಚಿಯಲ್ಲೇ ಬಂದು ಕೂರುತ್ತದೆ.

ಚರ್ವಿಲ್‌ನ ಮನೆತನ ನೋಡಿದರೂ ಇದೇ ಪಾಠ. ಕೊತ್ತಂಬರಿ, ಜೀರಿಗೆ, ಓಮ, ಸೋಂಪು, ಸಬ್ಬಸಿಗೆ, ಇಂಗು, ಕ್ಯಾರೆಟ್ ಎಲ್ಲ ಒಂದೇ ವಂಶ. ಚರ್ವಿಲ್ ಕೂಡ ಅದರಲ್ಲೊಂದು. ಈ ವಂಶದಲ್ಲಿ ಒಣಗಿಸಿ ಡಬ್ಬಿಯಲ್ಲಿಡುವುದು ಹೆಚ್ಚಾಗಿ ಕಾಳನ್ನು, ಎಲೆಯನ್ನಲ್ಲ. ಕಾಳಿನಲ್ಲಿ ಎಣ್ಣೆಯ ನಾಳಗಳು ಗಟ್ಟಿ ಕವಚದೊಳಗೆ ಭದ್ರವಾಗಿರುತ್ತವೆ. ಮುಂದಿನ ಮಳೆಯ ತನಕ ಒಣಗಿ ಕಾಯುವುದೇ ಕಾಳಿನ ಕಸುಬು. ಒಂದೇ ಗಿಡದ ಕೊತ್ತಂಬರಿ ಬೀಜಕ್ಕೂ ಸೊಪ್ಪಿಗೂ ಪರಿಮಳ ಬೇರೆ. ಬೀಜದಲ್ಲಿ ಲಿನಲೂಲ್ ಮುಂದು, ಸೊಪ್ಪಿನಲ್ಲಿ ಆಲ್ಡಿಹೈಡ್‌ಗಳು ಮುಂದು. ಬೀಜ ಸಾಂಬಾರ್ ಪುಡಿಗೆ ಹೋಗುತ್ತದೆ, ಸೊಪ್ಪು ಒಲೆಯಿಂದ ಇಳಿಸಿದ ಮೇಲೆ ಸಾರಿನ ಮೇಲೆ ಬೀಳುತ್ತದೆ. ಈ ವಿಂಗಡಣೆಗೆ ನಮ್ಮಲ್ಲಿ ಪಾಠಶಾಲೆ ಬೇಕಾಗಲಿಲ್ಲ. ಕುತೂಹಲದ ಸಂಗತಿಯೊಂದಿದೆ. ಸುಮಾರು ಕ್ರಿ.ಶ. 800ರ ಹೊತ್ತಿಗೆ ಶಾರ್ಲಮೇನ್ ಚಕ್ರವರ್ತಿಯ ಎಸ್ಟೇಟುಗಳ ನಿರ್ವಹಣೆಗೆಂದು ಬರೆದ ಲ್ಯಾಟಿನ್ ಶಾಸನದ ಕೊನೆಯಲ್ಲಿ, ತೋಟಗಳಲ್ಲಿ ಬೆಳೆಯಲೇಬೇಕಾದ ಗಿಡಗಳ ಪಟ್ಟಿ ಬರುತ್ತದೆ. ಅದರಲ್ಲಿ ಕೊತ್ತಂಬರಿ ಮತ್ತು ಚರ್ವಿಲ್ ಅಕ್ಕಪಕ್ಕದಲ್ಲೇ ಕೂತಿವೆ. ಉಗ್ರಾಣದಲ್ಲಿ ತುಂಬಿಡಿ ಎನ್ನದೆ ತೋಟದಲ್ಲಿ ಬೆಳೆಯಿರಿ ಎಂದ ಪಟ್ಟಿಯಲ್ಲಿ ಇವೆರಡಕ್ಕೂ ಜಾಗ ಸಿಕ್ಕಿದ್ದು ನನಗಂತೂ ಸರಿಯಾಗಿಯೇ ಕಾಣುತ್ತದೆ.

ಚರ್ವಿಲ್‌ನ ನಿಜವಾದ ತವರು ಫ್ರೆಂಚರ ಅಡುಗೆಮನೆ. ಅವರೇ ಏನು ಹೇಳುತ್ತಾರೆ ನೋಡಿ. ಫ್ರಾನ್ಸಿನಲ್ಲಿ ಸೊಪ್ಪಿನ ಎರಡು ಪ್ರಸಿದ್ಧ ಮಿಶ್ರಣಗಳಿವೆ. ಒಂದು ‘ಎರ್ಬ್ ದ ಪ್ರೊವಾನ್ಸ್’: ದಕ್ಷಿಣದ ಬಿಸಿಲುಗುಡ್ಡಗಳ ಥೈಮ್, ರೋಸ್‌ಮೇರಿ, ಆರಿಗಾನೊ, ಸೇವರಿ. ಇದನ್ನು ಒಣಗಿಸಿಯೇ ಬಳಸುವುದು ರೂಢಿ, ಮಾಂಸದ ಜೊತೆ, ಬೆಂಕಿಯ ಜೊತೆ, ಗಂಟೆಗಟ್ಟಲೆ ಬೇಯಿಸುತ್ತ. ಇನ್ನೊಂದು ‘ಫೀನ್ ಜೆರ್ಬ್’: ಪಾರ್ಸ್ಲಿ, ಚೈವ್ಸ್, ಟ್ಯಾರಗಾನ್, ಚರ್ವಿಲ್. ಇದನ್ನು ಹಸಿಯಾಗಿ, ಸಣ್ಣಗೆ ಹೆಚ್ಚಿ, ಕೊನೆಯ ಗಳಿಗೆಯಲ್ಲಿ ಹಾಕುತ್ತಾರೆ. ಒಣಗಿದ್ದಕ್ಕೊಂದು, ಹಸಿಯದಕ್ಕೊಂದು ಎಂದು ಗೆರೆ ಎಳೆದವರು ಅವರೇ. ಆ ಗೆರೆಯನ್ನು ಅಳಿಸಿ ‘ಒಣ ಫೀನ್ ಜೆರ್ಬ್’ ಎಂದು ಲೇಬಲ್ ಅಂಟಿಸಿದ್ದು ಕಪಾಟಿನ ಮೇಲೆ ವರ್ಷವಿಡೀ ಕೂರುವ ಸರಕು ಬೇಕಾದ ವ್ಯಾಪಾರ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ.

ಒಗುಸ್ತ್ ಎಸ್ಕೋಫಿಯೆ 1903ರಲ್ಲಿ ಪ್ರಕಟಿಸಿದ ‘ಲ ಗೀದ್ ಕ್ಯುಲಿನೇರ್’ ಇಂದಿಗೂ ವೃತ್ತಿಯ ಅಡುಗೆಯವರ ಕೈಪಿಡಿ. ಫೀನ್ ಜೆರ್ಬ್ ಆಮ್ಲೆಟ್ ಎಂದು ಹೆಸರಿಟ್ಟು ಬರೀ ಪಾರ್ಸ್ಲಿ ಹಾಕಿ ಬಡಿಸುವುದು ತಪ್ಪು ಎಂದು ಅವರು ಅದರಲ್ಲಿ ಎಚ್ಚರಿಸುತ್ತಾರೆ. ಒಂದು ಸೊಪ್ಪಿನ ಜಾಗದಲ್ಲಿ ಇನ್ನೊಂದು ಹಸಿಸೊಪ್ಪನ್ನೇ ಒಪ್ಪದವರು ಹೊಟ್ಟನ್ನು ಒಪ್ಪುತ್ತಿದ್ದರೇ? ಬೇರ್ನೇಸ್ ಸಾಸ್ ಮಾಡುವ ಕ್ರಮ ಗಮನಿಸಿ. ವಿನೆಗರ್, ವೈನ್, ಸಣ್ಣ ಈರುಳ್ಳಿಯ ಜೊತೆ ಟ್ಯಾರಗಾನ್ ಮತ್ತು ಚರ್ವಿಲ್ ಹಾಕಿ ಬತ್ತಿಸುತ್ತಾರೆ. ಮೊಟ್ಟೆಯ ಹಳದಿ, ಬೆಣ್ಣೆ ಸೇರಿಸಿ ಗಟ್ಟಿಮಾಡಿದ ಮೇಲೆ ಅದನ್ನು ಸೋಸುತ್ತಾರೆ. ಬಿಸಿಗೆ ಬಿದ್ದ ಸೊಪ್ಪು ತನ್ನ ಕೆಲಸ ಮುಗಿಸಿ ಹೊರಗೆ ಹೋಯಿತು. ಆಮೇಲೆ ಮತ್ತೆ ಅದೇ ಎರಡು ಸೊಪ್ಪುಗಳನ್ನು ಹೊಸದಾಗಿ ಹೆಚ್ಚಿ ಕಲಸುತ್ತಾರೆ. ಅಷ್ಟು ಹೊತ್ತು ಕುದಿದ ಸೊಪ್ಪಿನಲ್ಲಿ ಮೂಲದ ಪರಿಮಳ ಉಳಿದಿದ್ದರೆ ಎರಡನೇ ಸಲ ಯಾಕೆ ಹಾಕಬೇಕಿತ್ತು? ಇನ್ನು ತಿಳಿಸಾರಿನಂಥ ಕಾನ್ಸೊಮೆಯ ಮೇಲೆ ಚರ್ವಿಲ್‌ನ ಕುಡಿಗಳನ್ನು ಹೆಚ್ಚದೆ, ಚಿವುಟಿ ತೇಲಿಬಿಡುತ್ತಾರೆ. ಆ ಚಿವುಟಿದ ಕುಡಿಗಳಿಗೆ ‘ಪ್ಲುಶ್’ ಎಂದು ಪ್ರತ್ಯೇಕ ಹೆಸರೇ ಇದೆ. ಚಾಕು ತಾಗಿದರೂ ಬಳಲುವ ಎಲೆ ಎಂದು ತಿಳಿದ ಕೈಗಳು ಇಟ್ಟ ಹೆಸರು ಅದು.

ರೈನ್ ನದಿಯಾಚೆಗೂ ಇದೇ. ಫ್ರಾಂಕ್‌ಫರ್ಟ್‌ನ ಗ್ರೂನೆ ಸೋಸೆ, ಅಂದರೆ ಹಸಿರು ಸಾಸ್, 2016ರಲ್ಲಿ ಯುರೋಪಿಯನ್ ಒಕ್ಕೂಟದ ಭೌಗೋಳಿಕ ಗುರುತಿನ ರಕ್ಷಣೆ ಪಡೆಯಿತು. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಇರುವಂಥದ್ದೇ ಮಾನ್ಯತೆ. ಬೋರೇಜ್, ಚರ್ವಿಲ್, ಕ್ರೆಸ್, ಪಾರ್ಸ್ಲಿ, ಬರ್ನೆಟ್, ಸಾರೆಲ್, ಚೈವ್ಸ್ ಎಂಬ ಏಳು ಸೊಪ್ಪುಗಳನ್ನು ಕಾಗದದಲ್ಲಿ ಸುತ್ತಿ ಕಟ್ಟುಕಟ್ಟಾಗಿ ಮಾರುತ್ತಾರೆ. ಒಲೆ ಹಚ್ಚುವುದೇ ಇಲ್ಲ. ಹೆಚ್ಚಿ, ಹುಳಿ ಕೆನೆಯಲ್ಲಿ ಕಲಸಿ, ಬೇಯಿಸಿದ ಮೊಟ್ಟೆ, ಆಲೂಗಡ್ಡೆಯ ಜೊತೆ ಉಣ್ಣುತ್ತಾರೆ. ಈ ಸೊಪ್ಪು ಬೆಳೆಯುವ ಓಬರ್‌ರಾಡ್ ಎಂಬ ಬಡಾವಣೆಯಲ್ಲಿ ಏಳು ಪುಟ್ಟ ಗಾಜಿನ ಮನೆಗಳ ಸ್ಮಾರಕವೇ ಇದೆ, ಒಂದೊಂದು ಸೊಪ್ಪಿಗೆ ಒಂದೊಂದು ಹಸಿರು ಬಣ್ಣ. ಈಸ್ಟರ್‌ಗೆ ಮುಂಚಿನ ಗುರುವಾರ ಹಸಿರು ತಿನ್ನುವ ಪದ್ಧತಿ ಜರ್ಮನಿಯಲ್ಲಿದೆ. ಚಳಿ ಕಳೆದು ಮೊದಲು ಚಿಗುರಿದ್ದನ್ನು ಬಾಯಿಗಿಡುವ ಸಡಗರ. ಬೆಲ್ಜಿಯಂ, ನೆದರ್‌ಲ್ಯಾಂಡ್ಸ್‌ಗಳ ಕೆರ್ವೆಲ್ ಸೂಪಿನಲ್ಲೂ ಸೊಪ್ಪು ಬೀಳುವುದು ಕೊನೆಗೆ. ಈ ಅಡುಗೆಗಳಿಗೆಲ್ಲ ಪ್ರಾಣವೇ ಹೊಸತನ. ಯುಗಾದಿಯ ಬೇವಿನ ಜಾಗದಲ್ಲಿ ಹೋದ ವರ್ಷದ ಒಣಬೇವು ಇಟ್ಟು ಹಬ್ಬ ಮಾಡಿದರೆ ಹೇಗೋ, ಬಾಟಲಿಯ ಚರ್ವಿಲ್‌ನಲ್ಲಿ ಗುರುವಾರದ ಸೂಪ್ ಮಾಡುವುದೂ ಹಾಗೆಯೇ.

‘ನಾನು ಹಾಕಿದ್ದೆ, ಸೂಪ್ ಚೆನ್ನಾಗಿತ್ತು’ ಎನ್ನುವವರಿಗೆ ನನ್ನದೊಂದೇ ಪ್ರಶ್ನೆ: ಹಾಕದಿದ್ದರೆ ಹೇಗಿರುತ್ತಿತ್ತು? ಬೆಣ್ಣೆ, ಕೆನೆ, ಆಲೂಗಡ್ಡೆ, ಚೆನ್ನಾಗಿ ಬೇಯಿಸಿದ ಈರುಳ್ಳಿ ಇದ್ದ ಮೇಲೆ ಸೂಪ್ ಚೆನ್ನಾಗಿರದೆ ಇನ್ನೇನು? ಮೆರವಣಿಗೆಯಲ್ಲಿ ತೇರಿನ ಹಗ್ಗಕ್ಕೆ ಕೈ ತಾಗಿಸಿದವನೂ ಮನೆಗೆ ಬಂದು ತೇರು ಎಳೆದೆ ಎನ್ನುತ್ತಾನೆ. ನಮ್ಮ ಮನೆಯಲ್ಲಿ ಒಂದು ಭಾನುವಾರ ಎರಡು ಆಮ್ಲೆಟ್ ಮಾಡಿದೆ, ಒಂದೇ ಬೆಣ್ಣೆ, ಒಂದೇ ಉಪ್ಪು. ಒಂದಕ್ಕೆ ಮಗ್ಗಿಯ ಪ್ರಕಾರ ಒಣ ಚರ್ವಿಲ್, ಇನ್ನೊಂದಕ್ಕೆ ಏನೂ ಇಲ್ಲ. ಕಣ್ಣು ಮುಚ್ಚಿಸಿ ತಿನ್ನಿಸಿದೆ. ಯಾವುದರಲ್ಲಿ ಸೊಪ್ಪಿದೆ ಎಂದು ಹೇಳಿದ್ದು ಒಬ್ಬಳೇ, ಅದೇ ಅಕ್ಕನ ಮಗಳು. ಹೇಗೆ ಗೊತ್ತಾಯಿತು ಎಂದರೆ, ‘ಹಲ್ಲಿಗೆ ಸಿಕ್ತು ಚಿಕ್ಕಮ್ಮ’ ಎಂದಳು. ಇದು ವಿಜ್ಞಾನದ ಪ್ರಯೋಗವಲ್ಲ ಎಂದು ಬಲ್ಲೆ. ಆದರೆ ‘ನಾನು ಹಾಕಿದ್ದೆ, ಚೆನ್ನಾಗಿತ್ತು’ ಎಂಬುದಕ್ಕಿಂತ ಒಂದು ಮೆಟ್ಟಿಲು ಮೇಲಿದೆ. ನೀವೂ ಮಾಡಿ ನೋಡಬಹುದು.

ಕೆಲವರು ಇನ್ನೂ ಮುಂದೆ ಹೋಗಿ, ಹಾಗಾದರೆ ಎರಡು ಚಮಚ ಹಾಕಿ, ಮೊದಲೇ ಬೆಚ್ಚಗಿನ ನೀರಲ್ಲಿ ನೆನೆಸಿ, ಎಣ್ಣೆಯಲ್ಲಿ ಬಾಡಿಸಿ ಎಂದು ಉಪಾಯ ಹೇಳುತ್ತಾರೆ. ಇದ್ದದ್ದನ್ನು ಹೊರತೆಗೆಯಲು ಈ ಉಪಾಯಗಳು ಸರಿ. ಇಲ್ಲದ್ದನ್ನು ಹುಟ್ಟಿಸಲು ಆಗುವುದಿಲ್ಲ. ಎರಡು ಚಮಚ ಹಾಕಿದರೆ ಸೋಂಪಿನ ಸಿಹಿ ಇಮ್ಮಡಿಸುವುದಿಲ್ಲ, ಒಣಹುಲ್ಲಿನ ರುಚಿ ಇಮ್ಮಡಿಸುತ್ತದೆ. ಬಾಟಲಿಯೊಳಗಿನ ಹಸಿರು ನೋಡಿ ಮೋಸಹೋಗುವವರೂ ಇದ್ದಾರೆ. ನೆರಳಲ್ಲಿ, ಕಡಿಮೆ ಶಾಖದಲ್ಲಿ ಒಣಗಿಸಿದರೆ ಬಣ್ಣ ಉಳಿಯುತ್ತದೆ. ಹಸಿರಿಗೆ ಕಾರಣವಾದ ಪತ್ರಹರಿತ್ತು ಬೇರೆ, ಘಮಕ್ಕೆ ಕಾರಣವಾದ ಎಣ್ಣೆ ಬೇರೆ. ಒಂದು ಮನೆಯಲ್ಲಿ ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಯಜಮಾನರು ಒಳಗಿದ್ದಾರೆ ಎಂದಲ್ಲ.

ಇತ್ತೀಚೆಗೆ ಹೊಸದೊಂದು ಸಮರ್ಥನೆ ಸೇರಿಕೊಂಡಿದೆ: ಆರೋಗ್ಯ. ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದಲ್ಲಿ 100 ಗ್ರಾಂ ಒಣ ಚರ್ವಿಲ್‌ಗೆ 1,346 ಮಿಲಿಗ್ರಾಂ ಕ್ಯಾಲ್ಸಿಯಂ, ಸುಮಾರು 32 ಮಿಲಿಗ್ರಾಂ ಕಬ್ಬಿಣ ಎಂದಿದೆ. ಇದನ್ನು ಎತ್ತಿಕೊಂಡು ‘ಹಾಲಿಗಿಂತ ಹತ್ತುಪಟ್ಟು’ ಎಂದು ಹೊಗಳುವವರು ಅದೇ ಕೋಷ್ಟಕದಲ್ಲಿರುವ ಇನ್ನೊಂದು ಸಾಲು ಓದುವುದಿಲ್ಲ: ಒಂದು ಟೀ ಚಮಚದ ತೂಕ 0.6 ಗ್ರಾಂ. ಅಂದರೆ ನಾಲ್ಕು ಜನರ ಸೂಪಿಗೆ ಹಾಕುವ ಒಂದು ಚಮಚದಲ್ಲಿ ಕ್ಯಾಲ್ಸಿಯಂ ಸುಮಾರು 8 ಮಿಲಿಗ್ರಾಂ, ತಲೆಗೆ ಎರಡು. ಒಂದು ಲೋಟ ಮಜ್ಜಿಗೆಯ ಮುಂದೆ ಇದು ಲೆಕ್ಕಕ್ಕೇ ಬರುವುದಿಲ್ಲ. 100 ಗ್ರಾಂ ಒಣಪುಡಿಯನ್ನು ತಿನ್ನಬೇಕೆಂದರೆ 160ಕ್ಕೂ ಹೆಚ್ಚು ಚಮಚ ನುಂಗಬೇಕು. ಅಷ್ಟು ಹುಲ್ಲು ತಿನ್ನುವ ಪ್ರಾಣಿಗಳು ಹಾಲನ್ನೂ ಕೊಡುತ್ತವೆ, ನೇರವಾಗಿ ಅವುಗಳ ಹತ್ತಿರವೇ ಹೋಗಬಹುದು.

ಎದುರು ಪಕ್ಷದಲ್ಲಿ ನ್ಯಾಯವಾದ ಮಾತೇ ಇಲ್ಲವೆಂದು ನಾನು ಹೇಳುವುದಿಲ್ಲ. ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಮಂಜನ್ನು ನೇರವಾಗಿ ಆವಿಯಾಗಿಸಿ ಒಣಗಿಸುವ ವಿಧಾನವೊಂದಿದೆ. ಅದರಲ್ಲಿ ಎಲೆ ಕುಸಿಯುವುದಿಲ್ಲ, ಶಾಖ ತಾಗುವುದಿಲ್ಲ, ಪರಿಮಳ ಗಾಳಿಯಲ್ಲಿ ಒಣಗಿಸಿದ್ದಕ್ಕಿಂತ ಚೆನ್ನಾಗಿ ಉಳಿಯುತ್ತದೆ. ಅಂಥದ್ದು ಸಿಕ್ಕರೆ, ಹೊಸದಾಗಿದ್ದರೆ, ಬೆಣ್ಣೆಯಲ್ಲೋ ಗಟ್ಟಿ ಮೊಸರಿನಲ್ಲೋ ಕಲಸಿ ಒಂದು ಗಂಟೆ ತಣ್ಣಗಿಟ್ಟರೆ ಮೂಲದ ನೆರಳು ಕಂಡೀತು. ಆದರೆ ಸಾಮಾನ್ಯ ಬಾಟಲಿಯಲ್ಲಿರುವುದು ಅದಲ್ಲ. ಮಗ್ಗಿಯೂ ಅದನ್ನು ಬೇರೆ ಎಂದು ಗುರುತಿಸುವುದಿಲ್ಲ. ಹೀಗಾಗಿ ಈ ಒಪ್ಪಿಗೆಯಿಂದ ಮಗ್ಗಿಗೆ ಲಾಭವಿಲ್ಲ.

ಉಳಿದದ್ದು ಉಳ್ಳವರ ದರ್ಪದ ಆಪಾದನೆ. ಹಸಿ ಚರ್ವಿಲ್ ಸಿಗದವರು ಏನು ಮಾಡಬೇಕು? ಮೊದಲನೆಯದಾಗಿ, ದುಬಾರಿಯಾದದ್ದು ಯಾವುದು ಎಂದು ಕೇಳಿ. ರುಚಿ ಕೊಡದ ಬಾಟಲಿಗೆ ಕೊಟ್ಟ ಹಣವೇ ಎಲ್ಲಕ್ಕಿಂತ ದಂಡ, ಆ ದಂಡ ಹೆಚ್ಚು ತೆರುವವರು ಮೂಲ ಸಿಗದ ಊರಿನ ಜನವೇ. ಎರಡನೆಯದಾಗಿ, ಹೆಸರಿಗೆ ಬದಲಿ ಹುಡುಕುವುದನ್ನು ಬಿಟ್ಟು ಪರಿಮಳಕ್ಕೆ ಬದಲಿ ಹುಡುಕಬೇಕು. ಚರ್ವಿಲ್ ಎಂದರೆ ಎಳೆಹಸಿರು ಮತ್ತು ಸೋಂಪಿನ ನೆರಳು. ಬೆಂಗಳೂರಿನಂಥ ಊರಲ್ಲಿ ಪಾರ್ಸ್ಲಿ ಈಗ ಸಿಗುತ್ತದೆ. ಸೋಂಪು ಎಲ್ಲರ ಮಸಾಲೆ ಡಬ್ಬಿಯಲ್ಲಿದೆ. ಹಳತಾಗದ, ಹುರಿಯದ ನಾಲ್ಕು ಕಾಳನ್ನು ಕುಂಡದ ಮಣ್ಣಿಗೆ ಚೆಲ್ಲಿ ನೀರು ಹಾಕಿದರೆ ಕೆಲವೇ ವಾರಗಳಲ್ಲಿ ನವಿಲುಗರಿಯ ಎಳೆಗಳಂಥ ಎಲೆ ಬರುತ್ತದೆ. ಪಾರ್ಸ್ಲಿ ಮುಷ್ಟಿಯಷ್ಟು, ಈ ಎಲೆ ಚಿಟಿಕೆಯಷ್ಟು. ಸಣ್ಣಗೆ ಹೆಚ್ಚಿ ಒಲೆ ಆರಿಸಿದ ಮೇಲೆ ಹಾಕಿ. ಇದನ್ನು ಚರ್ವಿಲ್ ಎಂದು ಕರೆಯಬೇಡಿ, ಅದು ಚರ್ವಿಲ್ ಅಲ್ಲ. ಆದರೆ ಆಮ್ಲೆಟ್ಟಿಗೆ ಬೇಕಾದದ್ದನ್ನು ಅದು ಕೊಡುತ್ತದೆ, ಬಾಟಲಿ ಕೊಡುವುದಿಲ್ಲ.

ಹಸಿಯದೇ ಸಿಕ್ಕಿದವರು, ಅಂದರೆ ಫ್ರಾಂಕ್‌ಫರ್ಟ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಂಗಳಲ್ಲಿ ಸಂಸಾರ ಹೂಡಿರುವ ನಮ್ಮ ಮಕ್ಕಳು, ಕೂಡಿಡಬೇಕೆಂದಿದ್ದರೆ ಗಾಳಿಯನ್ನು ನಂಬದೆ ಚಳಿಯನ್ನು ನಂಬಲಿ. ಸೊಪ್ಪನ್ನು ಹೆಚ್ಚಿ ಮೆತ್ತನೆ ಬೆಣ್ಣೆಯಲ್ಲಿ ಕಲಸಿ, ಸುರುಳಿ ಕಟ್ಟಿ ಫ್ರೀಜರಿನಲ್ಲಿಟ್ಟರೆ ಎಣ್ಣೆಯ ಪರಿಮಳವನ್ನು ಬೆಣ್ಣೆ ಹಿಡಿದಿಟ್ಟುಕೊಳ್ಳುತ್ತದೆ. ಜಿಡ್ಡಿಗೂ ಘಮಕ್ಕೂ ಹಳೆಯ ನಂಟು, ಒಗ್ಗರಣೆ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೂ ಆಗದಿದ್ದರೆ ಇನ್ನೊಂದು ದಾರಿಯಿದೆ, ಅದಕ್ಕೆ ಖರ್ಚೇ ಇಲ್ಲ: ಹಾಕದೆ ಇರುವುದು. ಬೆಣ್ಣೆ, ಉಪ್ಪು, ಮೊಟ್ಟೆಯ ಆಮ್ಲೆಟ್ ಯಾರಿಗೂ ಸುಳ್ಳು ಹೇಳುವುದಿಲ್ಲ.

ನಿಮ್ಮ ಕಪಾಟಿನಲ್ಲೂ ಅಂಥದ್ದೊಂದು ಬಾಟಲಿ ಇದ್ದರೆ ನನ್ನ ಮಾತನ್ನಾಗಲಿ ಮಗ್ಗಿಯನ್ನಾಗಲಿ ನಂಬಬೇಡಿ. ಒಂದು ಚಿಟಿಕೆ ಅಂಗೈಗೆ ಹಾಕಿ, ಹೆಬ್ಬೆರಳಲ್ಲಿ ಚೆನ್ನಾಗಿ ತಿಕ್ಕಿ, ಮೂಗಿನ ಹತ್ತಿರ ಹಿಡಿಯಿರಿ. ಸೋಂಪಿನ ಸಿಹಿ ಬಂತೋ, ನಾನು ಸೋತೆ; ಆ ಬಾಟಲಿಯನ್ನು ಇವತ್ತೇ ಬಳಸಿ, ನಾಳೆಗೆ ಇರಲಿಕ್ಕಿಲ್ಲ. ಬಣವೆಯ ವಾಸನೆ ಬಂತೋ, ಪುಡಿಯನ್ನು ಗಿಡದ ಬುಡಕ್ಕೆ ಸುರಿದು, ಬಾಟಲಿ ತೊಳೆದು ಬಿಸಿಲಿಗಿಟ್ಟು, ಅದರಲ್ಲಿ ಓಮದ ಕಾಳು ತುಂಬಿಡಿ. ಅದಕ್ಕೆ ಒಣಗಿ ಬದುಕುವುದು ಗೊತ್ತು.